ಮಾವನ ಕಣ್ಣು

ನಮ್ಮ ಗ್ಯಾರೇಜಿನಲ್ಲಿ ಒಂದು ಕಟ್ಟಳೆಯಿದೆ. ಯಾವ ಗಾಡಿ ಬಂದರೂ ಮೊದಲು ಮಾವ ನೋಡಬೇಕು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬರೀ ಕಣ್ಣಲ್ಲಿ. ಅದು ಮುಗಿಯುವ ತನಕ ಸೊಸೆಯಾದ ನಾನು ಸ್ಪ್ಯಾನರ್ ಮುಟ್ಟುವಂತಿಲ್ಲ. "ತಡಕಾಡೋದು ಕಣ್ಣಿಲ್ಲದೋರ ಕೆಲಸ" ಅನ್ನುತ್ತಾರೆ. ಕನ್ನಡಕದ ಮಾತೆತ್ತಿದರೆ ಮೂರು ದಿನ ಮುಖ ಊದಿಸಿಕೊಂಡಿರುತ್ತಾರೆ.

ಮೊನ್ನೆ ಶಾಲೆ ವ್ಯಾನಿನ ಡ್ರೈವರ್ ಬಂದ. "ಹೆಡ್‌ಲೈಟ್ ಹಾಕಿದ್ರೆ ಸಾಕು, ಮೀಟರಲ್ಲಿ ಡೀಸೆಲ್ ಮುಳ್ಳು, ಹೀಟ್ ಮುಳ್ಳು ಎರಡೂ ಕುಣಿಯುತ್ವೆ. ಯಾವುದನ್ನ ನಂಬ್ಲಿ?"

ಮಾವ ಬಾನೆಟ್ ಎತ್ತಿಸಿ ಬಗ್ಗಿದರು. ಫ್ಯೂಸ್ ನೋಡಿದರು, ವೈರು ನೋಡಿದರು, ಹೂಂಗುಟ್ಟಿದರು. ಬ್ಯಾಟರಿ ಪಕ್ಕದಲ್ಲಿ ಅರ್ಥಿಂಗ್ ವೈರಿನ ಬೋಲ್ಟು ಕಿಲುಬು ಹಿಡಿದು, ಸಡಿಲಾಗಿ, ಅವರ ಮೂಗಿಗೆ ತಾಗುವಷ್ಟು ಹತ್ತಿರವೇ ಕೂತಿತ್ತು. ನನಗೆ ಮಾರು ದೂರದಿಂದಲೇ ಕಂಡಿತು. ದೀಪಕ್ಕೂ ಮೀಟರಿಗೂ ಅದೊಂದೇ ಅರ್ಥಿಂಗ್, ಅದು ಸಡಿಲಾದರೆ ಮುಳ್ಳು ಕುಣಿಯದೆ ಇರುತ್ತದೆಯೇ? ಮಾವ ಸೊಂಟ ನೆಟ್ಟಗೆ ಮಾಡಿ ತೀರ್ಪು ಕೊಟ್ಟರು. "ಮೀಟರೇ ಹೋಗಿದೆ. ಹೊಸದು ಹಾಕ್ಬೇಕು."

ಬಾಯಿ ಬಿಟ್ಟರೆ ಅವರ ನಲವತ್ತು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ ಹೊಸ ಮೀಟರಿನ ಮುಳ್ಳೂ ಕುಣಿಯುತ್ತದೆ, ಎಂಜಿನ್ ಕಾದು ಕೆಂಡವಾದರೂ ಡ್ರೈವರಿಗೆ ತಿಳಿಯುವುದಿಲ್ಲ, ಹಿಂದೆ ವ್ಯಾನಿನ ತುಂಬ ಮಕ್ಕಳು.

"ಮಾವ, ಟಾರ್ಚ್ ಬಿಡ್ತೀನಿ, ಇನ್ನೊಂದ್ಸಲ ನೋಡ್ಬಿಡಿ," ಎಂದು ಬೆಳಕನ್ನು ನೇರ ಆ ಬೋಲ್ಟಿನ ಮೇಲೆ ನಿಲ್ಲಿಸಿದೆ.

"ಅಲ್ಲೇನಿದೆ? ಆ ಕಡೆ ಹಿಡಿ."

ನಾನು ಅಲ್ಲಾಡಲಿಲ್ಲ. ಸಿಡುಕಿ ಟಾರ್ಚ್ ಕಿತ್ತುಕೊಳ್ಳಲು ಬಂದವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ, ನಾನು ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮಾಡದ್ದನ್ನು ಮಾಡಿದರು. ಬೆಳಕು ಬಿದ್ದ ಕಡೆ ಕೈಯಿಟ್ಟು ತಡಕಿದರು. ಬೋಲ್ಟು ಗಲಗಲ ಅಂದಿತು.

"ಇಲ್ಲಿದಾನೆ ನೋಡು ಕಳ್ಳ!" ಎಂದು ಗರ್ಜಿಸಿದರು.

ನಾನು ಉಜ್ಜಿ ಬಿಗಿ ಮಾಡಿದೆ. ಹೆಡ್‌ಲೈಟ್ ಹಾಕಿದರೂ ಮುಳ್ಳುಗಳು ತೆಪ್ಪಗೆ ನಿಂತವು. ಡ್ರೈವರನ ಮುಖ ಅರಳಿತು. "ಈ ವಯಸ್ಸಲ್ಲೂ ಏನ್ ಕಣ್ಣು ಯಜಮಾನ್ರೇ! ಅಕ್ಕಾ, ನೀವೂ ಕಲ್ತ್ಕೊಳ್ಳಿ."

"ಕಲೀತಿದಾಳೆ, ನಿಧಾನಕ್ಕೆ," ಎಂದರು ಮಾವ. ನಾನು ಹಲ್ಲು ಕಚ್ಚಿಕೊಂಡು ನಕ್ಕೆ.

ವ್ಯಾನು ತಿರುವು ದಾಟಿ ಹೋಯಿತು. ಮಾವ ಬೋಲ್ಟು ಮುಟ್ಟಿದ ಬೆರಳನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

"ಆ ಕಿಲುಬು," ಎಂದರು ಮೆಲ್ಲಗೆ, "ಯಾವ ಬಣ್ಣ ಇತ್ತಮ್ಮಾ?"

"ಹಸಿರು, ಮಾವ."