ಬಚ್ಚಣ್ಣನ ಮಗ ಮುಂದಿನ ಸಾಲಿಗೆ ಬಂದದ್ದು

ಹಾಲಾಡಿ ಪೇಟೆಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಬಚ್ಚಣ್ಣನಿಗೆ ಜಗತ್ತಿನಲ್ಲಿ ಎಲ್ಲವೂ ಅರ್ಥವಾಗುತ್ತಿತ್ತು, ಮಗನ ಕೆಲಸ ಒಂದು ಬಿಟ್ಟು. ಫುಟ್‌ಬಾಲ್ ಆಡಿ ಸಂಬಳ ತೆಗೆದುಕೊಳ್ಳಬಹುದು ಎಂಬುದೇ ಆ ಊರಿಗೆ ಮೊದಮೊದಲು ಜೀರ್ಣವಾಗದ ಸಂಗತಿ. ಹಾಲಾಡಿ, ಅಮಾಸೆಬೈಲು, ಕೊಕ್ಕರ್ಣೆ, ಎಲ್ಲಿಗೇ ಹೋಗಿ, ಗದ್ದೆ ಕೊಯ್ದ ಮೇಲೆ ಎರಡು ಕಂಬ ನೆಟ್ಟರು ಅಂದರೆ ಅದು ವಾಲಿಬಾಲಿಗೇ. ದೇವರು ಕೈ ಕೊಟ್ಟಿರುವಾಗ ಚೆಂಡನ್ನು ಕಾಲಲ್ಲಿ ಒದೆಯುವುದು ಯಾಕೆ ಎಂದು ಕೇಳುವ ಸೀಮೆ. ಅಂಥಲ್ಲಿಂದ ಬಚ್ಚಣ್ಣನ ಮಗ ಕೀರ್ತನ್ ಕ್ರೀಡಾ ಹಾಸ್ಟೆಲಿಗೆ ಹೋಗಿ, ಬೆಂಗಳೂರಿನ ಒಂದು ಕ್ಲಬ್ಬಿಗೆ ಸೇರಿ, ಆಮೇಲೆ ಕೋಲ್ಕತ್ತ, ಕೇರಳ, ಕೊನೆಗೆ ಗೋವಾ ಅಂತ ಕ್ಲಬ್ಬಿನಿಂದ ಕ್ಲಬ್ಬಿಗೆ ದಾಟುತ್ತ, ಹೋದಲ್ಲೆಲ್ಲ ಒಂದೇ ಜಾಗದಲ್ಲಿ ಆಡಿದ. ಆ ಜಾಗಕ್ಕೆ ಲೆಫ್ಟ್ ಬ್ಯಾಕ್ ಎಂದು ಹೆಸರು. ತಮ್ಮ ಗೋಲಿನ ಹತ್ತಿರ, ಎಡಬದಿಯಲ್ಲಿ, ಹಿಂದೆ ನಿಂತು ಆ ಕಡೆಯಿಂದ ನುಗ್ಗುವವರನ್ನು ತಡೆಯುವುದು ಅವನ ಕೆಲಸ.

ಈ ‘ಹಿಂದೆ’ ಎಂಬುದೇ ಬಚ್ಚಣ್ಣನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಪ್ರಾಯದಲ್ಲಿ ಅವನು ವಾಲಿಬಾಲಿನ ಹೆಸರಾಂತ ಸ್ಮ್ಯಾಶರ್. ಆ ಆಟದ ಧರ್ಮ ಅವನಿಗೆ ರಕ್ತಗತ: ಸರ್ವೀಸು ಗೆದ್ದಾಗಲೆಲ್ಲ ಆಟಗಾರರು ಒಂದೊಂದು ಜಾಗ ಸರಿಯಬೇಕು. ಇವತ್ತು ಹಿಂದಿದ್ದವನು ನಾಳೆ ಮುಂದೆ, ನೆಟ್ಟಿನ ಬುಡಕ್ಕೆ ಬಂದೇ ಬರುತ್ತಾನೆ. ಅಲ್ಲಿ ಹಾರಿ ಹೊಡೆಯುತ್ತಾನೆ, ಚಪ್ಪಾಳೆ ಗಿಟ್ಟಿಸುತ್ತಾನೆ. ಆದರೆ ಮೊಬೈಲಿನಲ್ಲಿ ಯಾವ ಪಂದ್ಯ ನೋಡಿದರೂ ಕೀರ್ತನ್ ಮಾತ್ರ ಹಿಂದೆಯೇ. ಬಚ್ಚಣ್ಣ ತನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದುಬಿಟ್ಟ. ಮಗನಿಗೆ ಎಲ್ಲ ಕ್ಲಬ್ಬಿನವರೂ ಸೇರಿ ಅನ್ಯಾಯ ಮಾಡುತ್ತಿದ್ದಾರೆ, ಅವನ ಸರದಿ ಬಂದರೂ ಮುಂದೆ ಬಿಡುತ್ತಿಲ್ಲ! ಕೇಳಿದರೆ ಹುಡುಗನಿಗೆ ನೋವಾದೀತು ಎಂದು ಇಷ್ಟು ವರ್ಷ ಕೇಳಲೂ ಇಲ್ಲ. ಅಪ್ಪನ ಪ್ರೀತಿ ಹಾಗೆಯೇ, ಕೇಳಬೇಕಾದ್ದನ್ನು ಕೇಳುವುದಿಲ್ಲ.

ಎದುರಂಗಡಿಯ ಗೋಪಿಗೆ ಅಂಥ ದಾಕ್ಷಿಣ್ಯವೇನೂ ಇರಲಿಲ್ಲ.

“ಹ್ವಾಯ್ ಬಚ್ಚಣ್ಣ, ನಿಮ್ ಮಗ ಈ ಸಲನೂ ಗೋಲ್ ಹೊಡಿಲ್ಲೆ ಅಂಬ್ರಲೆ?”

“ಸರದಿ ಬರ್ಕ್ ಅಲ್ದಾ? ಬತ್ತ್, ತಡಿ,” ಎಂದು ಬಚ್ಚಣ್ಣ ತೆಂಗಿನಕಾಯಿಯ ರಾಶಿಯ ಹಿಂದೆ ಮುಖ ಮರೆಸುತ್ತಿದ್ದ.

ಹೀಗಿರುವಾಗ ಕೀರ್ತನ್ ಆಟ ನಿಲ್ಲಿಸುತ್ತೇನೆ ಎಂದ. ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಗೋವಾದ ಕ್ಲಬ್ಬಿನವರು ದೊಡ್ಡ ಮನಸ್ಸು ಮಾಡಿ, ಅವನ ಕೊನೆಯ ಪಂದ್ಯವನ್ನು ಅವನ ಸೀಮೆಯಲ್ಲೇ, ಕುಂದಾಪುರದ ಮೈದಾನದಲ್ಲಿ ಆಡೋಣ ಎಂದರು. ಎದುರು ಮಂಗಳೂರಿನ ತಂಡ. ಊರಿಗೆ ಊರೇ ಸಂಭ್ರಮಪಟ್ಟಿತು. ಬಚ್ಚಣ್ಣ ಮಾತ್ರ ಸುದ್ದಿ ಕೇಳಿದ ದಿನ ಸರಿಯಾಗಿ ಊಟ ಮಾಡಲಿಲ್ಲ. ಇನ್ನು ಉಳಿದಿರುವುದು ಒಂದೇ ಪಂದ್ಯ. ಅದರಲ್ಲೂ ಮುಂದೆ ಬಾರದಿದ್ದರೆ ಮಗ ಜನ್ಮದಲ್ಲೇ ಮುಂದೆ ಬಾರದವನಾಗಿ ಉಳಿಯುತ್ತಾನೆ.

ಪಂದ್ಯದ ಹಿಂದಿನ ದಿನ ಗೋವಾ ಕ್ಲಬ್ಬಿನ ಕೋಚ್ ಆಗ್ನೆಲ್ ಹಾಲಾಡಿಯ ಮನೆಗೆ ಊಟಕ್ಕೆ ಬಂದರು. ಕೀರ್ತನನ ಅಮ್ಮ ಕುಸುಮಾವತಿ ಕಾಣೆ ಮೀನು ಹುರಿದು, ಕೋಳಿ ಸಾರಿಗೆ ನೀರುದೋಸೆ ಹೊಯ್ದಳು. ಕೋಚ್ ಬೆರಳು ಚೀಪುವ ಹಂತಕ್ಕೆ ಬಂದದ್ದನ್ನು ಕಂಡು, ಇದೇ ಸಮಯವೆಂದು ಬಚ್ಚಣ್ಣ ಗಂಟಲು ಸರಿಮಾಡಿಕೊಂಡ. ವ್ಯಾಪಾರದಲ್ಲಿ ಕಲಿತ ಕೊಂಕಣಿಯಲ್ಲಿ, ತೆಂಗಿನಕಾಯಿಗೆ ದರ ಕುದುರಿಸುವ ಧಾಟಿಯಲ್ಲೇ, ನಿಮ್ಮಂಥ ದೊಡ್ಡ ಮನುಷ್ಯರು ನನ್ನ ಮಗನಿಗೆ ಒಂದೇ ಒಂದು ಸಲವೂ ಮುಂದಿನ ಸರದಿ ಕೊಡಲಿಲ್ಲ, ಇದು ನ್ಯಾಯವಾ ಎಂದು ಕೇಳಿಯೇಬಿಟ್ಟ.

ಕೀರ್ತನನ ಕೈಯಲ್ಲಿದ್ದ ದೋಸೆ ತಟ್ಟೆಗೆ ಬಿತ್ತು. ಗೋವಾದಲ್ಲಿದ್ದು ಅವನಿಗೂ ಕೊಂಕಣಿ ಬರುತ್ತಿತ್ತು.

“ಅಪ್ಪಯ್ಯ, ಎಂತ ಹೇಳ್ತ್ರಿ ನೀವ್! ಅದ್ ವಾಲಿಬಾಲ್ ಅಲ್ಲ. ನನ್ ಜಾಗವೇ ಹಿಂದೆ. ಯಾರೂ ನಂಗೆ ಮೋಸ ಮಾಡ್ಲಿಲ್ಲೆ.”

“ನೀ ಸುಮ್ನಿರ್. ನೀ ಬಾಯಿ ಬಿಡ್ದೆ ಇದ್ದದ್ದಕ್ಕೇ ಹೀಂಗಾದ್ದ್.”

ಕೋಚ್ ನಗಲಿಲ್ಲ. ಅವರೂ ಒಬ್ಬ ಅಪ್ಪನೇ. ಇನ್ನೊಂದು ತುಂಡು ಕಾಣೆ ಹಾಕಿಸಿಕೊಂಡು, “ನಾಳೆ ಕೊನೆಯ ಹತ್ತು ನಿಮಿಷ ನಿಮ್ಮ ಮಗನನ್ನು ಮುಂದೆ ಆಡಿಸುತ್ತೇನೆ. ಸರಿಯಾ?” ಎಂದರು. ಬಚ್ಚಣ್ಣ ಎದ್ದು ನಿಂತು ಕೈ ಮುಗಿದ. ಆ ರಾತ್ರಿ ಅವನು ಹೊಡೆದ ಗೊರಕೆಗೆ ಕುಸುಮಾವತಿ ಒಳಗಿನ ಕೋಣೆಗೆ ಚಾಪೆ ಎತ್ತಿಕೊಂಡು ಹೋಗಬೇಕಾಯಿತು.

ಮರುದಿನ ಮೈದಾನ ತುಂಬಿತ್ತು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ವಾಲಿಬಾಲಿನವರೆಲ್ಲ ಬಂದಿದ್ದರು. ಮೈಕಿನಲ್ಲಿ ವೀಕ್ಷಕ ವಿವರಣೆಗೆ ಭೋಜರಾಜ. ವಾಲಿಬಾಲಿನಲ್ಲಿ ಅವನ ನಾಲಗೆಗೆ ಸಾಟಿಯಿಲ್ಲ, ಫುಟ್‌ಬಾಲ್ ಮಾತ್ರ ಅವನಿಗೂ ಹೊಸತು. ಬಚ್ಚಣ್ಣ ಪ್ಲಾಸ್ಟಿಕ್ ಕುರ್ಚಿ ಹಿಡಿದು ಮಗನ ಬದಿಯ ಗೆರೆಯ ಪಕ್ಕದಲ್ಲೇ ಕೂತ. ಗೋಪಿಯೂ ಬಂದು ಒತ್ತಿಕೊಂಡ.

ಮಂಗಳೂರಿನ ಕಡೆ ಬಲಬದಿಗೆ ಒಬ್ಬ ತೆಳ್ಳಗಿನ ಹುಡುಗ. ಓಟವೆಂದರೆ ಓಟ. ಚೆಂಡು ಸಿಕ್ಕಿದರೆ ಸಾಕು, ಗೆರೆ ಹಿಡಿದು ಹಾರುತ್ತಿದ್ದ. ಹಾರಿ ಬಂದವನು ಕೀರ್ತನನ ಹತ್ತಿರ ಮುಟ್ಟಿದಾಗ ಏನೋ ಆಗಿ, ಚೆಂಡು ಕೀರ್ತನನ ಎಡಗಾಲಲ್ಲಿ ಇರುತ್ತಿತ್ತು. ಒಂದು ಸಲವಲ್ಲ, ಪ್ರತಿ ಸಲ. ಹಾಗೆ ಕಿತ್ತ ಒಂದು ಚೆಂಡನ್ನು ಕೀರ್ತನ್ ಉದ್ದಕ್ಕೆ ಮುಂದೆ ಕಳಿಸಿದ, ಗೋವಾದ ಇನ್ನೊಬ್ಬ ಅದನ್ನು ಗೋಲಿಗೆ ತಳ್ಳಿದ. ಭೋಜರಾಜ ಗೋಲು ಹೊಡೆದವನನ್ನು ಅಟ್ಟಕ್ಕೇರಿಸಿ ಹೊಗಳಿದ. ಬಚ್ಚಣ್ಣನಿಗೆ ಮೈ ಉರಿದರೂ ಸಹಿಸಿಕೊಂಡ. ಅವನ ಕಣ್ಣೆಲ್ಲ ಗಡಿಯಾರದ ಮೇಲೆ.

ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದವು. ಕೀರ್ತನ್ ಮೈದಾನದ ಆಚೆ ಮೂಲೆಗೆ ಹೋದ. ಬಚ್ಚಣ್ಣ ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಸುತ್ತು ಬಳಸಿ ಅಲ್ಲಿಗೂ ಹೋಗಿ ಕೂತ.

ಕೊನೆಗೆ ಕೋಚ್ ಕೈ ಎತ್ತಿದರು. ಮುಂದೆ ಆಡುತ್ತಿದ್ದ ಹುಡುಗ ಹಿಂದೆ ಬಂದ, ಕೀರ್ತನ್ ಮುಂದೆ ಹೋದ. ಜಾಗ ಬದಲಿಸಿದ್ದು ಅಪ್ಪಟ ವಾಲಿಬಾಲಿನ ಹಾಗೇ! ಬಚ್ಚಣ್ಣ ಕುರ್ಚಿಯ ಮೇಲೆ ಹತ್ತಿ ನಿಂತ. ಕಣ್ಣಲ್ಲಿ ನೀರೇ ಬಂತು.

ಕೀರ್ತನ್ ಅಲ್ಲಿ ಗುರುತಿಲ್ಲದವರ ಮದುವೆಗೆ ಬಂದವನ ಹಾಗೆ ನಿಂತಿದ್ದ. ಒಂದು ಚೆಂಡು ಬಂತು, ಒದ್ದ. ಅದು ಗೋಲಿನ ಮೇಲಿಂದ ಹಾರಿ ಕಬ್ಬಿನ ಹಾಲಿನ ಗಾಡಿಗೆ ಬಡಿಯಿತು. ಜನ ನಕ್ಕರು. ಬಚ್ಚಣ್ಣನೂ ನಗಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣೆದುರೇ ಆ ತೆಳ್ಳಗಿನ ಹುಡುಗ ಹಾರಿ ಬಂದ.

ಈ ಸಲ ಅವನನ್ನು ತಡೆಯಲು ಯಾರೂ ಇರಲಿಲ್ಲ. ಕೀರ್ತನನ ಜಾಗಕ್ಕೆ ಮುಂದಿನಿಂದ ಬಂದಿದ್ದವನು ಕೈಕಾಲು ಬಿಟ್ಟು ನೋಡುತ್ತ ನಿಂತ. ಹುಡುಗ ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ವಾಪಸು ಬಂತು. ಬಚ್ಚಣ್ಣನಿಗೆ ಮೈದಾನದ ಆ ಮೂಲೆ ಬಾಗಿಲು ತೆಗೆದಿಟ್ಟ ಮನೆಯ ಹಾಗೆ ಕಂಡಿತು. ಇಷ್ಟು ಹೊತ್ತು, ಅಲ್ಲ, ಇಷ್ಟು ವರ್ಷ, ಆ ಬಾಗಿಲಲ್ಲಿ ನಿಂತಿದ್ದವನು ತನ್ನ ಮಗ! ಮೊಬೈಲಿನಲ್ಲಿ ನೋಡುವಾಗ ಆ ಕಡೆ ಏನೂ ಆಗುತ್ತಿರಲಿಲ್ಲ ಎಂದು ಬೇಸರಪಟ್ಟಿದ್ದನಲ್ಲ, ಏನೂ ಆಗದಂತೆ ನೋಡಿಕೊಂಡವನು ಮಗನೇ. ತೆಳ್ಳಗಿನ ಹುಡುಗನಿಗೆ ಮತ್ತೆ ಚೆಂಡು ಸಿಕ್ಕಿತು.

“ಮಗಾ! ಹಿಂದ್ ಬಾ! ಮುಂದ್ ಸಾಕ್, ಹಿಂದ್ ಬಾರಾ!” ಬಚ್ಚಣ್ಣನ ಕೂಗಿಗೆ ಭೋಜರಾಜನ ಮೈಕೂ ಮಂಕಾಯಿತು.

“ಎಂತ ಮಾರಾಯ್ರೆ, ನೀವೇ ಅಲ್ದಾ ಮುಂದ್ ಹೋಯ್ಕ್ ಅಂದದ್ದ್?” ಎಂದು ಅವನ ಹಿಂದೆಯೇ ಬಂದಿದ್ದ ಗೋಪಿ ಬೆರಗಾದ.

“ಬಾಯಿ ಮುಚ್ಚ್, ನಿಂಗೆಂತ ಗೊತ್ತಿತ್ತ್ ಫುಟ್‌ಬಾಲ್!”

ಕೀರ್ತನ್ ಕೋಚನ್ನು ಕೇಳಲೂ ಇಲ್ಲ. ಮೈದಾನದ ಉದ್ದಕ್ಕೆ, ಹಾಳಾದ ಮೊಣಕಾಲಿನಲ್ಲೇ ಓಡಿ ಬಂದ. ಹುಡುಗ ಒದೆಯಲು ಕಾಲೆತ್ತುವುದಕ್ಕೂ ಇವನು ನೆಲದಲ್ಲಿ ಜಾರಿ ಬರುವುದಕ್ಕೂ ಸರಿಹೋಯಿತು. ಚೆಂಡು ಗೆರೆ ದಾಟಿ ಉರುಳಿ ಬಂದು ಬಚ್ಚಣ್ಣನ ಕುರ್ಚಿಯ ಕಾಲಿಗೆ ತಾಗಿತು. ಮೈದಾನವಿಡೀ ಎದ್ದು ಕೂಗಿತು. ಗೋಲು ಬಿದ್ದಾಗಲೂ ಜನ ಅಷ್ಟು ಕೂಗಿರಲಿಲ್ಲ.

ಬಚ್ಚಣ್ಣ ಇಳಿದು ಚೆಂಡನ್ನು ಎತ್ತಿ ಎದೆಗವಚಿಕೊಂಡ. ಮಂಗಳೂರಿನ ಹುಡುಗ ಚೆಂಡು ಎಸೆಯುವ ಅವಸರದಲ್ಲಿ ಓಡಿ ಬಂದು ಕೈ ಚಾಚಿದ.

“ಅಂಕಲ್, ಬಾಲ್ ಕೊಡಿ, ಟೈಮ್ ಇಲ್ಲ.”

“ಕೊಡ್ತೆ, ತಡಿ ಮಾರಾಯಾ. ನಮ್ಮಾಂವ ಜಾಗಕ್ಕ್ ಬರ್ಲಿ.”

ರೆಫರಿ ಸೀಟಿ ಊದಿದರು. ಬಚ್ಚಣ್ಣ ಕೊಡಲಿಲ್ಲ. ಮತ್ತೆ ಊದಿದರು. ಕೊಡಲಿಲ್ಲ. ಕೊನೆಗೆ ಅವರೇ ಬಂದು, ನಗು ತಡೆಯಲಾರದೆ, ಕಿಸೆಯಿಂದ ಹಳದಿ ಕಾರ್ಡು ತೆಗೆದು ಬಚ್ಚಣ್ಣನ ಮುಖಕ್ಕೆ ಹಿಡಿದರು. ಜನ ಬಿದ್ದು ಬಿದ್ದು ನಕ್ಕರು. ಬಚ್ಚಣ್ಣ ಕಾರ್ಡಿಗೊಂದು ನಮಸ್ಕಾರ ಹಾಕಿ, ಚೆಂಡನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಕೀರ್ತನ್ ಎದ್ದು, ಚಡ್ಡಿಯ ಮಣ್ಣು ಕೊಡವಿ, ಕುಂಟುತ್ತ ಹೋಗಿ ತನ್ನ ಎಡಮೂಲೆಯಲ್ಲಿ ಸರಿಯಾಗಿ ನಿಂತು, ಅಪ್ಪನ ಕಡೆ ನೋಡಿ ತಲೆಯಾಡಿಸಿದ. ಆಮೇಲೆಯೇ ಬಚ್ಚಣ್ಣ ಚೆಂಡು ಬಿಟ್ಟುಕೊಟ್ಟದ್ದು.