ಹಗ್ಗ ಬಿಡುವ ಜಾಗ

ಸ್ಯಾನ್‌ಫ್ರಾನ್ಸಿಸ್ಕೊದ ಬೀದಿಗಳಲ್ಲಿ ಮಗಳು ನಡೆಸುವ ಕೇಬಲ್ ಕಾರನ್ನು ಹತ್ತಬಾರದೆಂದು ಅರ್ಮಿಂದೊನಿಗೆ ಕಟ್ಟಪ್ಪಣೆಯಾಗಿತ್ತು. ಅಪ್ಪಣೆ ಮಾಡಿದವಳು ಮಗಳೇ.

"ಕೆಲಸದ ಮೊದಲನೇ ತಿಂಗಳು ಒಂದು ಕಳೀಲಿ ಅಪ್ಪಾ. ಆಮೇಲೆ ದಿನಾ ಬಾ, ಬೇಡ ಅನ್ನಲ್ಲ. ಈಗ ಮಾತ್ರ ದಮ್ಮಯ್ಯ, ಬರ್ಬೇಡ" ಎಂದು ಲಿದಿಯಾ ಫೋನಿನಲ್ಲಿ ಅಂಗಲಾಚಿದ್ದಳು.

ಯಾಕೆಂದು ಕೇಳುವ ಅಗತ್ಯ ಅವನಿಗಿರಲಿಲ್ಲ. ಟರ್ಲಾಕ್ ಊರಿನ ಡೇರಿಗಳಿಗೆ ಜೀವಮಾನವಿಡೀ ಹಾಲಿನ ಟ್ಯಾಂಕರ್ ಓಡಿಸಿದ ಮನುಷ್ಯ. ಬೇರೆಯವರು ಗಾಡಿ ಓಡಿಸುವಾಗ ಅವನ ಬಾಯಿ ಸುಮ್ಮನಿದ್ದದ್ದೇ ಇಲ್ಲ. ಲಿದಿಯಾಗೆ ಹದಿನಾರು ತುಂಬಿದಾಗ ಹೊಲದ ದಾರಿಯಲ್ಲಿ ಕಾರು ಕಲಿಸಿದವನು ಅವನೇ. ಕಲಿಸಿದ್ದಕ್ಕಿಂತ ಕೂಗಿದ್ದೇ ಹೆಚ್ಚು. ಅವನು "ಬ್ರೇಕ್!" ಎಂದರೆ ಸಾಕು, ಎದುರಿಗೆ ಒಂದು ಕೋಳಿಮರಿಯೂ ಇಲ್ಲದಿದ್ದರೂ ಹುಡುಗಿಯ ಕಾಲು ತಾನಾಗಿಯೇ ಪೆಡಲಿನ ಮೇಲೆ ಬೀಳುತ್ತಿತ್ತು.

ಆದರೆ ಮಗಳದೇನು ಸಾಮಾನ್ಯ ಕೆಲಸವೇ? ಬೀದಿಯ ಅಡಿಯಲ್ಲಿ ಸದಾ ಓಡುತ್ತಿರುವ ಉಕ್ಕಿನ ಹಗ್ಗವನ್ನು ಆಳೆತ್ತರದ ಹಿಡಿಕೆಯಿಂದ ಕಚ್ಚಿ ಹಿಡಿದು, ತುಂಬಿದ ಕಾರನ್ನು ಹಳಿಯ ಮೇಲೆ ಗುಡ್ಡ ಹತ್ತಿಸಬೇಕು. ತರಬೇತಿಗೆ ಸೇರಿದ ಗಟ್ಟಿಮುಟ್ಟು ಗಂಡಸರೇ ಭುಜ ಹಿಡಿದುಕೊಂಡು ಮನೆಗೆ ಓಡುತ್ತಾರೆ. ಲಿದಿಯಾ ಓಡಲಿಲ್ಲ. ಅದನ್ನು ಕಣ್ಣಾರೆ ನೋಡದೆ ಒಂದು ತಿಂಗಳು ಕಾಯುವುದಕ್ಕೆ ಹೆತ್ತ ಕರುಳು ಕೇಳಬೇಕಲ್ಲ!

ಹಾಗಾಗಿ ಕಪ್ಪು ಕನ್ನಡಕ, ಸ್ಯಾನ್‌ಫ್ರಾನ್ಸಿಸ್ಕೊ ಎಂದು ಬರೆದ ಟೋಪಿ, ಕುತ್ತಿಗೆಯಲ್ಲಿ ಕ್ಯಾಮೆರಾ, ಹೀಗೆ ಅಪ್ಪಟ ಪ್ರವಾಸಿಯ ವೇಷದಲ್ಲಿ ಅವನು ಪೊವೆಲ್ ಬೀದಿಯ ಸರದಿಯಲ್ಲಿ ನಿಂತ. ಲಿದಿಯಾಳೂ ಕಂಡಕ್ಟರ್ ಫಾಂಗನೂ ಹಳಿಯ ಕೊನೆಯಲ್ಲಿರುವ ತಿರುಗುಮಣೆಯ ಮೇಲೆ ಕಾರನ್ನು ಕೈಯಿಂದಲೇ ತಳ್ಳಿ ತಿರುಗಿಸಿದರು. ಅರ್ಮಿಂದೊ ಮಗಳ ಬೆನ್ನ ಹಿಂದೆ, ಹೊರಗಿನ ಮೆಟ್ಟಿಲ ಮೇಲೆ ಜಾಗ ಹಿಡಿದ.

"ಅಜ್ಜಾ, ಕಂಬನ ಗಟ್ಟಿಯಾಗಿ ತಬ್ಕೊಳ್ಳಿ, ಮನೇಲಿ ಯಾರಿಗೂ ಹೇಳಲ್ಲ" ಎಂದ ಫಾಂಗ್. "ಎದುರುಗಡೆ ಕಾರು ಬಂದ್ರೆ ಹೊಟ್ಟೆ ಒಳಗೆಳ್ಕೊಳ್ಳಿ. ಸಾಧ್ಯ ಆದ್ರೆ!"

ಜನ ನಕ್ಕರು. ದನಿ ಹೊರಟರೆ ಗುಟ್ಟು ಬಯಲಾದೀತೆಂದು ಅರ್ಮಿಂದೊ ಹಲ್ಲು ಬಿಟ್ಟು ಸುಮ್ಮನಾದ.

ಕಾರು ಗುಡ್ಡ ಹತ್ತಿತು. ಲಿದಿಯಾ ಹಿಂದಕ್ಕೆ ವಾಲಿ, ಮೈಯ ಭಾರವನ್ನೆಲ್ಲ ಹಾಕಿ ಹಿಡಿಕೆ ಎಳೆದಳು. ಬಿಡುವು ಸಿಕ್ಕಾಗ ತಲೆಯ ಮೇಲಿನ ಗಂಟೆಯನ್ನು ಕುಣಿಯುವ ಹಾಗೆ ಬಾರಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಅರ್ಮಿಂದೊನಿಗೆ ಹೆಮ್ಮೆಯಿಂದ ಎದೆ ಉಬ್ಬಿ, ಪಕ್ಕದಲ್ಲಿ ನೇತಾಡುತ್ತಿದ್ದ ಅಪರಿಚಿತನಿಗೆ "ನನ್ನ ಮಗಳು ಕಣಯ್ಯಾ" ಎನ್ನಬೇಕೆನಿಸಿತು. ಕಷ್ಟಪಟ್ಟು ನುಂಗಿಕೊಂಡ.

ಗುಡ್ಡದ ನೆತ್ತಿಯಲ್ಲಿ ಕ್ಯಾಲಿಫೋರ್ನಿಯಾ ಬೀದಿ ಅಡ್ಡ ಬರುತ್ತದೆ, ಅಲ್ಲೂ ಕೇಬಲ್ ಕಾರು ಓಡುತ್ತದೆ. ನೆಲದಡಿ ಆ ದಾರಿಯ ಹಗ್ಗ ಮೇಲೆ, ಪೊವೆಲ್ ದಾರಿಯದು ಕೆಳಗೆ. ಆದ್ದರಿಂದ ಪೊವೆಲ್ ಕಾರು ಅಲ್ಲಿ ತನ್ನ ಹಗ್ಗವನ್ನು ಬಿಟ್ಟು, ಓಡಿಬಂದ ರಭಸದಲ್ಲೇ ಆಚೆ ದಾಟಿ, ಮತ್ತೆ ಹಿಡಿಯಬೇಕು. ಹಾಲಿನ ಟ್ಯಾಂಕರಿನವನಿಗೆ ಇದೆಲ್ಲ ಎಲ್ಲಿ ಗೊತ್ತು? ಮಗಳು ಹಿಡಿಕೆಯನ್ನು ಮುಂದಕ್ಕೆ ದೂಡಿ ಬಿಟ್ಟದ್ದು ಕಂಡಿತು. ಎಡಗಡೆಯಿಂದ ಒಂದು ವ್ಯಾನು ಇಣುಕಿದ್ದು ಕಂಡಿತು.

"ಬ್ರೇಕ್!"

ಲಿದಿಯಾಳ ಕಾಲು ದಢಕ್ಕನೆ ಕೆಳಗಿಳಿಯಿತು. ಹಿಡಿಯಲು ಹಗ್ಗವಿಲ್ಲದ ಕಾರು ಎರಡು ದಾರಿಗಳು ಕೂಡುವಲ್ಲಿ ನಟ್ಟನಡುವೆ ನಿಂತುಬಿಟ್ಟಿತು. ವ್ಯಾನಿನವನು ಆಗಲೇ ತನ್ನ ಪಾಡಿಗೆ ತಾನು ನಿಂತಿದ್ದ.

ಅವಳು ತಿರುಗಿ ನೋಡಲಿಲ್ಲ. ಕಿವಿಗಳು ಮಾತ್ರ ಕೆಂಪಾದವು. ಆ ದನಿ ಯಾರದೆಂದು ನೋಡಿ ತಿಳಿಯಬೇಕಾಗಿರಲಿಲ್ಲ. ಅರ್ಮಿಂದೊನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಗಳು ಇಷ್ಟು ಕಷ್ಟಪಟ್ಟು ಗಳಿಸಿದ ಹೆಸರನ್ನು ಒಂದೇ ಕೂಗಿಗೆ ಮಣ್ಣುಪಾಲು ಮಾಡಿಬಿಟ್ಟೆನಲ್ಲ!

ಕ್ಯಾಲಿಫೋರ್ನಿಯಾ ಬೀದಿಯ ಕಾರು ಬಂದು, ದಾರಿಯಿಲ್ಲದೆ ನಿಂತು, ಗಂಟೆ ಬಾರಿಸತೊಡಗಿತು. "ಏನಮ್ಮಾ ಲಿದಿಯಾ, ಇಲ್ಲೇ ಸಂಸಾರ ಹೂಡ್ತೀಯಾ? ಗೃಹಪ್ರವೇಶಕ್ಕೆ ನಮ್ಮನ್ನೂ ಕರಿ!" ಎಂದು ಅದನ್ನು ನಡೆಸುವವನು ಕೂಗಿದ.

"ಇಳೀರಪ್ಪಾ ಇಳೀರಿ, ರಟ್ಟೇಲಿ ಕಸುವಿದ್ದೋರೆಲ್ಲ ತಳ್ಳಿ! ತಳ್ಳೋದಕ್ಕೆ ಬೇರೆ ಟಿಕೆಟ್ ಇಲ್ಲ" ಎಂದು ಫಾಂಗ್ ಹಿಂದಿನಿಂದ ಧುಮುಕಿದ. ಹಾಗೇ ಒಂದು ಮಾತಿನ ಪೆಟ್ಟೂ ಕೊಟ್ಟ: "ಲಿದಿಯಾ, ನಾಳೆ ಡೋನಟ್ ನಿಂದೇ." ಅಲ್ಲಿ ಸಿಕ್ಕಿಬಿದ್ದವರು ಮರುದಿನ ಕಾರು ಶೆಡ್ಡಿನ ಕೆಲಸಗಾರರಿಗೆಲ್ಲ ಡೋನಟ್ ತಿನ್ನಿಸಬೇಕೆಂಬುದು ಅವರವರಲ್ಲಿ ನಡೆದುಬಂದ ರೂಢಿ. ತಿನ್ನುವ ಖುಷಿಗಿಂತ ತಿಂಗಳುಗಟ್ಟಲೆ ಆಡಿಕೊಳ್ಳುವ ಖುಷಿ ದೊಡ್ಡದು.

ಅರ್ಮಿಂದೊ ಕಾರಿನ ಬೆನ್ನಿಗೆ ಭುಜ ಕೊಟ್ಟಿದ್ದ. ಕನ್ನಡಕ ತೆಗೆದು ಜೇಬಿಗೆ ಹಾಕಿದ.

"ಡೋನಟ್ ನಂದು" ಎಂದ, ಎರಡೂ ಕಾರಿನವರಿಗೆ ಕೇಳುವ ಹಾಗೆ. "ಅವಳದೇನೂ ತಪ್ಪಿಲ್ಲ. ಸರಿಯಾಗೇ ದಾಟ್ತಿದ್ಲು. ಬ್ರೇಕ್ ಅಂತ ಬಡ್ಕೊಂಡ ಕತ್ತೆ ನಾನು."

"ನೀವ್ಯಾರು ಸ್ವಾಮಿ?" ಎಂದ ಫಾಂಗ್.

"ಅವಳಪ್ಪ."

ಎರಡೂ ಕಾರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಪಾಪ, ನಮ್ಮಪ್ಪಾನೂ ಹೀಗೇ ಕಣೇ!" ಎಂದ ಕ್ಯಾಲಿಫೋರ್ನಿಯಾ ಕಾರಿನವನು. ಅವನ ದನಿಯಲ್ಲಿ ಈಗ ಕುಟುಕು ಇರಲಿಲ್ಲ.

ಏದುಸಿರು ಬಿಡುತ್ತ ತಳ್ಳಿದರು. ಕಾರು ಆಚೆ ದಾಟಿತು, ಲಿದಿಯಾ ಹಗ್ಗ ಹಿಡಿದಳು, ಮುಂದಿನ ಮೂಲೆಯಲ್ಲಿ ನಿಲ್ಲಿಸಿದಳು. ತಳ್ಳಿದವರೆಲ್ಲ ನಡೆದು ಬಂದು ಹತ್ತಿಕೊಂಡರು. ಅರ್ಮಿಂದೊ ಮಾತ್ರ ಟೋಪಿ ಕೈಯಲ್ಲಿ ಹಿಡಿದು ಫುಟ್‌ಪಾತಿನ ಮೇಲೆ ನಿಂತ.

"ನಾನು ಬಸ್ಸಿಗೆ ಹೋಗ್ತೀನಿ ಮಗಳೇ."

ಲಿದಿಯಾ ಅವನನ್ನು ದಿಟ್ಟಿಸಿ ನೋಡಿದಳು. ಸಿಟ್ಟು ಇನ್ನೂ ಇತ್ತು. ತುಟಿಯ ತುದಿಯಲ್ಲಿ ನಗುವೂ ಇತ್ತು.

"ಹತ್ತು ಅಪ್ಪಾ. ಅಲ್ಲಿ ಅಲ್ಲ, ಮುಂದೆ ಬಾ. ನನ್ನ ಪಕ್ಕದ ಬೆಂಚಲ್ಲಿ ಕೂತ್ಕೊ."

ಹೈಡ್ ಬೀದಿಯ ಕೊನೆಯ ಇಳಿಜಾರು ಬಂತು. ರಸ್ತೆ ಬಾವಿಗೆ ಇಳಿದ ಹಾಗೆ ಕೆಳಗಿಳಿಯುತ್ತದೆ, ಹೊಸಬರೆಲ್ಲ ಕಿರುಚಿಕೊಂಡರು. ಲಿದಿಯಾ ಓರೆಗಣ್ಣಿನಿಂದ ಅಪ್ಪನನ್ನು ನೋಡಿದಳು. ಅವನು ಅವಳ ಕೈಯನ್ನೂ ನೋಡುತ್ತಿರಲಿಲ್ಲ, ಕಾಲನ್ನೂ ನೋಡುತ್ತಿರಲಿಲ್ಲ. ಬೆಂಚಿಗೆ ಆರಾಮಾಗಿ ಒರಗಿ, ಮನೆಗಳ ಸಂದಿಯಲ್ಲಿ ಹೊಳೆಯುವ ಕೊಲ್ಲಿಯ ನೀರನ್ನೂ ಅದರ ಮೇಲಿನ ಹಾಯಿದೋಣಿಗಳನ್ನೂ ನೋಡುತ್ತ ಕೂತಿದ್ದ.

"ಯಾಕಪ್ಪಾ, ರಸ್ತೆ ನೋಡಲ್ವಾ?"

"ನೀನು ನೋಡ್ತಿದ್ದೀಯಲ್ಲ" ಎಂದ ಅರ್ಮಿಂದೊ.