ಸೀಟಿ ಸ್ನಾನ

ಲಾಡ್ಜಿನ ಯಜಮಾನಿಗೆ ನೀರು ಸಾಲುತ್ತಿರಲಿಲ್ಲ. ಉಳಿದದ್ದೆಲ್ಲ ಇತ್ತು. ಸಮುದ್ರದಿಂದ ಕೂಗಳತೆ ದೂರದಲ್ಲಿ ಎಂಟು ರೂಮು. ಮೂರು ರೂಮಿನ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು, ನಾಲ್ಕನೆಯದರಲ್ಲಿ ಕುರ್ಚಿ ಹತ್ತಿ ನಿಂತರೆ ಕಾಣುತ್ತಿತ್ತು. ರುಚಿಯಾಗಿ ಅಡುಗೆ ಮಾಡುವ ಗಂಡ ಇದ್ದ. ಯಾರ ಮಾತೂ ಕೇಳದ ಮಾವ ಇದ್ದರು. ನೀರಿಗೆ ಮಾತ್ರ ಹಿತ್ತಲಿನ ಬಾವಿಯೊಂದೇ ಗತಿ.

ಆ ಬೀದಿಯಲ್ಲಿ ಸಿಹಿನೀರು ಉಳಿದಿದ್ದ ಬಾವಿ ಅದೊಂದೇ. ಸಮುದ್ರದ ಪಕ್ಕದ ಬಾವಿಯಲ್ಲಿ ಸಿಹಿನೀರು ಮೇಲೆ ಇರುತ್ತದೆ, ಉಪ್ಪುನೀರು ಅದರಡಿಯಲ್ಲಿ ಕಾದು ಕೂತಿರುತ್ತದೆ. ಹದವಾಗಿ ಎತ್ತಿದರೆ ಮಳೆ ಬಂದು ತುಂಬಿಕೊಡುತ್ತದೆ. ಬಾಯಿಬಿಟ್ಟುಕೊಂಡು ಎಳೆದರೆ ಕೆಳಗಿನದು ಮೇಲೆ ಬಂದು ಹಳೇ ಬಾಡಿಗೆದಾರನ ಹಾಗೆ ಕೂತುಬಿಡುತ್ತದೆ. ಆಮೇಲೆ ಕೋರ್ಟಿಗೆ ಹೋದರೂ ಏಳುವುದಿಲ್ಲ. ಎದುರಿನ ಹೋಟೆಲಿನವನು ಈಜುಕೊಳ ತುಂಬಿಸಲು ಹಗಲೂ ರಾತ್ರಿ ಮೋಟರು ಓಡಿಸಿದ. ಈಗ ಅವನ ಗೇಟಿನಲ್ಲಿ ದಿನಾ ಬೆಳಿಗ್ಗೆ ಟ್ಯಾಂಕರು ಹಿಂದಕ್ಕೂ ಮುಂದಕ್ಕೂ ಆಡುತ್ತಾ ಬೀದಿಯನ್ನೆಲ್ಲ ಎಬ್ಬಿಸುತ್ತಿತ್ತು. ಯಜಮಾನಿ ಈ ಲಾಡ್ಜು ಕೊಂಡದ್ದೇ ಬಾವಿ ನೋಡಿ. ತನ್ನ ಗೇಟಿನೊಳಗೆ ಟ್ಯಾಂಕರು ಕಾಲಿಡಕೂಡದು ಅಂತ ಅವಳು ಗೃಹಪ್ರವೇಶದ ದಿನವೇ ಗಂಡನಿಗೆ ಹೇಳಿದ್ದಳು.

ಆದರೆ ಗಿರಾಕಿಗಳಿಗೆ ಬಾವಿಯ ಕಷ್ಟ ಏನು ಗೊತ್ತು? ಸಮುದ್ರದಲ್ಲಿ ಎಮ್ಮೆಗಳ ಹಾಗೆ ಬಿದ್ದಿದ್ದು ಬಂದವರು ಷವರಿನ ಕೆಳಗೂ ಹಾಗೇ ನಿಂತುಬಿಡುತ್ತಿದ್ದರು. "ದಯವಿಟ್ಟು ನೀರು ಉಳಿಸಿ" ಅಂತ ಪ್ರತಿ ಬಚ್ಚಲಿನಲ್ಲೂ ಚೀಟಿ ಅಂಟಿಸಿದಳು. ಒಬ್ಬ ಅದನ್ನು ಕಿತ್ತು ಅದರ ಮೇಲೆ ಸೋಪು ಇಟ್ಟಿದ್ದ.

"ಚೀಟಿಗೆಲ್ಲ ಜನ ಬಗ್ಗಲ್ಲಮ್ಮ," ಅಂದರು ಮಾವ. "ನನ್ನ ಕೈಗೆ ಕೊಡು. ನಾನು ನೋಡ್ಕೋತೀನಿ."

ಮಾವ ರೈಲ್ವೆಯಲ್ಲಿ ಗಾರ್ಡಾಗಿದ್ದವರು. ಅದೂ ಗೂಡ್ಸ್ ಗಾಡಿಯ ಗಾರ್ಡು. ಇಡೀ ನೌಕರಿಯನ್ನು ಕಲ್ಲಿದ್ದಲಿನ ಹಿಂದೆ, ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಕಳೆದಿದ್ದರು. ನಿವೃತ್ತಿಯಾದಾಗ ಸೀಟಿಯನ್ನೂ ಎರಡು ಬಾವುಟವನ್ನೂ ಜೊತೆಗೇ ತಂದಿದ್ದರು. ತರಬಹುದಿತ್ತೋ ಇಲ್ಲವೋ ಅಂತ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಪ್ಲಂಬರ್ ಬಂದು ಎಂಟು ರೂಮಿಗೂ ಬೇರೆಬೇರೆ ವಾಲ್ವು ಹಾಕಿ, ಎಂಟನ್ನೂ ಹಿತ್ತಲ ಗೋಡೆಯ ಮೇಲೆ ಸಾಲಾಗಿ ಕೂರಿಸಿದ. ಮಾವ ಅದರ ಮುಂದೆ ಬೆತ್ತದ ಕುರ್ಚಿ ಹಾಕಿಕೊಂಡು, ಖಾಕಿ ಅಂಗಿ ಇಸ್ತ್ರಿ ಮಾಡಿಸಿ ತೊಟ್ಟು, ಸೀಟಿ ಕೊರಳಿಗೆ ಹಾಕಿಕೊಂಡು ಕೂತರು. ನಿಯಮ ಸರಳ. ಒಂದು ಸಲಕ್ಕೆ ಒಂದೇ ರೂಮು. ಒಂದು ಸೀಟಿ ಊದಿದರೆ ನೀರು ಬರುತ್ತದೆ. ಎರಡು ಊದಿದರೆ ಸೋಪು ತೊಳೆದುಕೊಳ್ಳಬೇಕು. ಉದ್ದ ಸೀಟಿಗೆ ನೀರು ಬಂದ್.

ಮೊದಲ ದಿನವೇ ಜಗಳವಾಯಿತು. ಎರಡನೇ ರೂಮಿನಲ್ಲಿ ಒಬ್ಬ ಸೋಪು ಕಂಪನಿಯ ಏಜೆಂಟ್ ಇದ್ದ. ದಪ್ಪ ಆಸಾಮಿ. ಸೊಂಟಕ್ಕೆ ಟವೆಲು ಸುತ್ತಿಕೊಂಡು, ತಲೆಯಿಂದ ಕಾಲಿನವರೆಗೆ ನೊರೆ ಮೆತ್ತಿಕೊಂಡು, ಒಂದು ಕಣ್ಣು ಮಾತ್ರ ಬಿಟ್ಟುಕೊಂಡು ಹಿತ್ತಲಿಗೆ ಬಂದ.

"ಯಾವನ್ರೀ ನೀರು ನಿಲ್ಸಿದ್ದು?"

"ನಾನು. ಎರಡು ಸೀಟಿ ಊದಿದ್ನಲ್ಲ, ಕೇಳಿಸ್ಲಿಲ್ವಾ?"

"ಕಿವಿ ತುಂಬ ನೊರೆ ಇತ್ತು!"

"ಕಿವಿಗ್ಯಾಕೆ ಹಾಕ್ಕೊಂಡ್ರಿ? ಸೋಪು ಮೈಗೆ."

"ರೀ, ನಾನು ದುಡ್ಡು ಕೊಟ್ಟಿದೀನಿ!"

"ರೈಲಿಗೂ ಕೊಡ್ತೀರಿ. ಹಾಗಂತ ನಿಮ್ಮನೆ ಮುಂದೆ ತಂದು ನಿಲ್ಲಿಸ್ತಾರಾ?"

ಯಜಮಾನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎದೆ ಹಿಡಿದುಕೊಂಡಿದ್ದಳು. ಗಿರಾಕಿ ಹೋದ, ಅವನ ಜೊತೆ ಅವನ ಊರಿನ ಹತ್ತು ಗಿರಾಕಿಗಳೂ ಹೋದರು ಅಂದುಕೊಂಡಳು. ಅಷ್ಟರಲ್ಲಿ ಐದನೇ ರೂಮಿನ ಮಕ್ಕಳು ಮೇಲಿನಿಂದ ಚಪ್ಪಾಳೆ ತಟ್ಟಿದವು. ಏಜೆಂಟ್ ತಲೆಯೆತ್ತಿ ನೋಡಿದ. ಅವನಿಗೇ ಹೊಟ್ಟೆ ಕುಲುಕಿ ನಗು ಬಂತು. ಮಾವ ಗಂಭೀರವಾಗಿ ಹಸಿರು ಬಾವುಟ ಎತ್ತಿ, "ಲೇಟಾದ ಗಾಡಿಗೆ ವಿಶೇಷ ಅನುಮತಿ. ಒಂದು ಬಕೆಟ್. ಹೋಗಿ," ಅಂದರು. ಏಜೆಂಟ್ ನೊರೆಯ ಮೈಯಲ್ಲೇ ಅವರ ಪಕ್ಕ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡಿಸಿಕೊಂಡ.

ಆ ವಿಡಿಯೋ ಎಲ್ಲೆಲ್ಲಿ ಓಡಾಡಿತೋ ಏನೋ, ಜನ ಸಮುದ್ರ ನೋಡಲು ಬರುವುದು ಬಿಟ್ಟು ಸೀಟಿಗೆ ಸ್ನಾನ ಮಾಡಲು ಬರತೊಡಗಿದರು. ಎರಡನೇ ಸೀಟಿಗೆ ಇಡೀ ಹಿತ್ತಲು "ಸೋಪು ತೊಳಿ, ಸೋಪು ತೊಳಿ" ಅಂತ ಕೂಗುತ್ತಿತ್ತು. ಗಂಡ ಹಿತ್ತಲಲ್ಲೇ ಟೇಬಲು ಹಾಕಿ ತಿಂಡಿ ಮಾರಿದ. ಎಂಟು ರೂಮೂ ತುಂಬಿದವು. ಆಮೇಲೆ ಮಾಳಿಗೆಯ ಮೇಲೆ ಟೆಂಟು ಹಾಕಿದರು. ಆಮೇಲೆ ರೂಮಿಲ್ಲದವರಿಗೆ ಬರೀ ಸ್ನಾನದ ಟಿಕೆಟು. ಎದುರಿನ ಹೋಟೆಲಿನ ಗಿರಾಕಿಗಳು ಈಜುಕೊಳ ಬಿಟ್ಟು ಟವೆಲು ಹೆಗಲ ಮೇಲೆ ಹಾಕಿಕೊಂಡು ಬೀದಿ ದಾಟಿ ಬರುತ್ತಿದ್ದರು. ಬರೀ ಸ್ನಾನದವರನ್ನು ಸೇರಿಸುವುದು ಬೇಡ ಅಂತ ಯಜಮಾನಿ ಒಂದು ವಾರ ಅಂದಳು. ಎರಡನೇ ವಾರ ಹೊಸ ಹಾಸಿಗೆಗಳು ಬಂದವು, ಅವಳು ಸುಮ್ಮನಾದಳು.

ತಲೆಗೆ ಖರ್ಚಾಗುವ ನೀರು ಮೊದಲಿನ ಅರ್ಧಕ್ಕೆ ಇಳಿದಿತ್ತು. ಬರುವ ತಲೆಗಳು ಐದು ಪಟ್ಟಾಗಿದ್ದವು. ಈ ಲೆಕ್ಕಕ್ಕೆ ಮೂರನೇ ಕ್ಲಾಸು ಸಾಕು. ಮೂರನೇ ಕ್ಲಾಸು ಪಾಸಾದವರು ಆ ಮನೆಯಲ್ಲಿ ಮೂವರಿದ್ದರು. ಒಬ್ಬರೂ ಲೆಕ್ಕ ಮಾಡಲಿಲ್ಲ.

ಒಂದು ಮಧ್ಯಾಹ್ನ ಯಜಮಾನಿ ಬಾವಿಗೆ ಇಣುಕಿದಳು. ಒಳಗಿಳಿಯಲು ಗೋಡೆಗೆ ಬಡಿದಿದ್ದ ಕಬ್ಬಿಣದ ಮೆಟ್ಟಿಲುಗಳಲ್ಲಿ ಅವಳು ಎಂದೂ ನೋಡಿರದವು ಹೊರಗೆ ಬಂದು ಹಲ್ಲು ಕಿರಿದುಕೊಂಡಿದ್ದವು. ನೇರ ಮಾವನ ಹತ್ತಿರ ಹೋದಳು.

"ಮಾವ, ಮಳೆ ಬರೋವರೆಗೂ ಬಂದ್ ಮಾಡೋಣ."

"ಏನು ಬಂದ್ ಮಾಡೋದು?"

"ಸೀಟಿ, ಟೆಂಟು, ಟಿಕೆಟು, ಎಲ್ಲಾನೂ. ರೂಮಿನವರು ಇದ್ರೆ ಸಾಕು. ಬಾವಿ ತಳ ಕಾಣ್ತಿದೆ."

ಮಾವ ಸೀಟಿಯನ್ನು ಅಂಗಿಯ ಚುಂಗಿನಿಂದ ಒರೆಸಿದರು. "ನೋಡಮ್ಮ, ನಾನು ಜೀವಮಾನವೆಲ್ಲ ಕಲ್ಲಿದ್ದಲಿಗೆ ಬಾವುಟ ತೋರಿಸಿದೀನಿ. ಕಲ್ಲಿದ್ದಲು ಒಂದು ದಿನಾನೂ ಚಪ್ಪಾಳೆ ಹೊಡೀಲಿಲ್ಲ. ಈಗ ಎಕ್ಸ್‌ಪ್ರೆಸ್ ಗಾಡಿ ಸಿಕ್ಕಿದೆ. ನೀನು ಚೈನ್ ಎಳೀತೀಯಾ?"

"ಚೈನ್ ಎಳೀದಿದ್ರೆ ಗಾಡಿ ಸಮುದ್ರಕ್ಕೆ ಹೋಗತ್ತೆ, ಮಾವ."

"ಸರಿ. ನಿನ್ನ ಲಾಡ್ಜು, ನಿನ್ನ ಬಾವಿ. ನಾನ್ಯಾರು?" ಅಂತ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆ ಕಾಫಿ ಬೇಡ ಅಂದರು. ರಾತ್ರಿ ಊಟ ಬೇಡ ಅಂದರು, ಆದರೆ ತಟ್ಟೆ ಹೊರಗಿಟ್ಟು ಹೋದರೆ ಖಾಲಿಯಾಗಿ ವಾಪಸು ಬಂತು.

"ಅಪ್ಪನ ಮುಖ ನೋಡೋಕಾಗ್ತಿಲ್ಲ ಕಣೇ," ಅಂದ ಗಂಡ. "ಇನ್ನೊಂದು ಸ್ವಲ್ಪ ದಿನ ನಡೀಲಿ ಬಿಡು."

"ನಿಮಗೆ ಅಪ್ಪನ ಮುಖ ಕಾಣುತ್ತೆ. ತಿಂಡಿಯ ಗಲ್ಲಾ ಕಾಣಲ್ಲ ಅಲ್ವಾ?"

ಗಂಡ ಈರುಳ್ಳಿ ಹೆಚ್ಚುವುದರಲ್ಲಿ ಮಗ್ನನಾದ.

ಮಾರನೇ ಬೆಳಿಗ್ಗೆ ಪ್ರವಾಸೋದ್ಯಮ ಕಚೇರಿಯ ಸಾಹೇಬರು ಬಂದರು. ಕಂಕುಳಲ್ಲಿ ಫೈಲು, ಮುಖದಲ್ಲಿ ಒಳ್ಳೇ ಸುದ್ದಿ ತಂದವರ ಬಿಗುಮಾನ. ಪರಿಸರ ಕೆಡಿಸದೆ ಲಾಡ್ಜು ನಡೆಸುವವರಿಗೆ ಕೊಡುವ ಹಸಿರು ಫಲಕ ಈ ವರ್ಷ ಇವರಿಗೇ ಅಂತ ತೀರ್ಮಾನವಾಗಿತ್ತು. ಈ ಕರಾವಳಿಯಲ್ಲೇ ತಲೆಗೆ ಅತಿ ಕಮ್ಮಿ ನೀರು ಬಳಸುವ ಲಾಡ್ಜಂತೆ.

"ಸರ್, ತಲೆ ಎಷ್ಟಿವೆ ಅಂತ ಕೇಳಲ್ವಾ?" ಅಂದಳು ಯಜಮಾನಿ.

ಸಾಹೇಬರು ಫೈಲು ತಿರುವಿ ನೋಡಿದರು. "ಅದಕ್ಕೆ ಇದರಲ್ಲಿ ಕಾಲಮ್ ಇಲ್ಲಮ್ಮ."

"ಬಾವಿ ನೋಡ್ತೀರಾ?"

"ಬಾವಿಗೂ ಇಲ್ಲ. ಭಾನುವಾರ ಫಲಕ ಕೊಡೋ ಕಾರ್ಯಕ್ರಮ ಇಟ್ಕೊಳ್ಳೋಣ. ಜನ ಜಾಸ್ತಿ ಸೇರಿಸಿ. ಎಲ್ಲರೂ ಸ್ನಾನ ಮಾಡೋದು ನಾವು ನೋಡಬೇಕು. ಅಂದ್ರೆ, ಹೊರಗಡೆಯಿಂದ."

ಬಾಗಿಲು ಹಾಕಿಕೊಂಡಿದ್ದ ಮಾವ ಬಾಗಿಲು ತೆಗೆದರು. ಖಾಕಿ ಅಂಗಿ ಇಸ್ತ್ರಿಗೆ ಹೋಯಿತು. ಯಜಮಾನಿ ಅವರ ಮುಖ ನೋಡಿದಳು, ಫೈಲಿನಲ್ಲಿದ್ದ ಫಲಕದ ಚಿತ್ರ ನೋಡಿದಳು. ಎದುರಿನ ಹೋಟೆಲಿನವನ ಗೋಡೆಯಲ್ಲಿ ಅಂಥದ್ದೊಂದಿಲ್ಲ ಅನ್ನುವುದೂ ತಲೆಗೆ ಬಂತು. "ಭಾನುವಾರ ಒಂದು ದಿನ. ಸೋಮವಾರದಿಂದ ಬಂದ್," ಅಂದಳು. ಒಂದು ದಿನಕ್ಕೇನಾಗುತ್ತದೆ ಅನ್ನುವ ಮಾತನ್ನು ಆ ಬೀದಿಯಲ್ಲಿ ಎಲ್ಲ ಬಾವಿಯವರೂ ಒಂದಲ್ಲ ಒಂದು ದಿನ ಆಡಿದ್ದರು.

ಭಾನುವಾರ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಪು ಏಜೆಂಟ್ ಮತ್ತೆ ಬಂದಿದ್ದ. ಈ ಸಲ ಕಂಪನಿಯ ಬ್ಯಾನರು, ಪೆಟ್ಟಿಗೆಗಟ್ಟಲೆ ಪುಕ್ಕಟೆ ಸೋಪು ತಂದಿದ್ದ. ಬೆಳಗಿನಿಂದ ಮೋಟರು ನಿಂತಿರಲಿಲ್ಲ. ಬಂದವರು ಸರದಿಯಂತೆ ಸ್ನಾನ ಮಾಡಿ ಬಂದು ಕುರ್ಚಿಗಳಲ್ಲಿ ಕೂತರು. ಸಾಹೇಬರು ಬಂದು ವೇದಿಕೆ ಹತ್ತಿದ ಮೇಲೆ, ಅವರ ಕಣ್ಣೆದುರಿಗೆ ಕೊನೆಯ ಸ್ನಾನ ಏಜೆಂಟನದು ಅಂತ ಮೊದಲೇ ಮಾತಾಗಿತ್ತು. ನೊರೆ ಮೆತ್ತಿಕೊಂಡು ಹೊರಗೆ ಬಂದು, ಹಳೇ ವಿಡಿಯೋದ ಹಾಗೇ ಪೋಸು ಕೊಡಬೇಕು.

ಮಾವ ಹಸಿರು ಬಾವುಟ ಬೀಸಿದರು. ಒಂದು ಸೀಟಿ. ಎರಡನೇ ರೂಮಿನ ಬಚ್ಚಲಲ್ಲಿ ನೀರು ಸುರಿಯುವ ಸದ್ದು. ಎರಡು ಸೀಟಿ. ಜನ "ಸೋಪು ತೊಳಿ, ಸೋಪು ತೊಳಿ" ಅಂದರು.

ಒಳಗಿನಿಂದ ಕೂಗು ಬಂತು. "ತೊಳ್ಯೋಕೇನಿದೆ? ನೊರೇನೇ ಬರ್ತಿಲ್ಲ!"

ಜನ ನಕ್ಕರು. ಮಾವ ನಗಲಿಲ್ಲ. "ಇನ್ನೊಂದು ಸೋಪು ಹಾಕಿ!"

"ಹಾಕಿದೆ! ಮೊಸರು ಒಡೆದ ಹಾಗೆ ಆಗ್ತಿದೆ!"

"ನಿಮ್ಮ ಕಂಪನಿ ಸೋಪೇ ಅಲ್ವಾ?" ಅಂತ ಯಾರೋ ಕಿಚಾಯಿಸಿದರು.

ಏಜೆಂಟ್ ಟವೆಲು ಸುತ್ತಿಕೊಂಡು ಹೊರಗೆ ಬಂದ. ಮೈಮೇಲೆ ನೊರೆ ಹೆಸರಿಗೂ ಇರಲಿಲ್ಲ, ಅಲ್ಲಲ್ಲಿ ಬಿಳಿ ಹಿಟ್ಟು ಅಂಟಿತ್ತು. ಇಷ್ಟು ಜನರ ಮುಂದೆ, ತನ್ನದೇ ಬ್ಯಾನರಿನ ಕೆಳಗೆ, ಪಾಪ, ಅವನು ಅಳುವಂತಿದ್ದ. "ರೀ, ನೀರಿಗೆ ಏನು ಹಾಕಿದೀರಿ?"

ಯಜಮಾನಿ ಹತ್ತಿರದ ನಲ್ಲಿ ತಿರುಗಿಸಿ, ಬೆರಳು ಒದ್ದೆ ಮಾಡಿ ನಾಲಿಗೆಗೆ ಇಟ್ಟುಕೊಂಡಳು. ಆಮೇಲೆ ವೇದಿಕೆಯ ಕಡೆ ನೋಡಿದಳು. ಅಲ್ಲಿ ಸಾಹೇಬರು ಕ್ಯಾಮೆರಾದವನಿಗೆ ಬೇಕೆಂದು ಬಾವಿಯ ನೀರಿನ ಲೋಟ ಎತ್ತಿದ್ದರು.

"ಸರ್, ಬೇಡ!"

ಸಾಹೇಬರು ಕುಡಿದಾಗಿತ್ತು. ಅವರ ಮುಖದಲ್ಲಿ ಒಂದು ಅಲೆ ಎದ್ದು, ಕಿವಿಯವರೆಗೂ ಹೋಗಿ ಇಳಿಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಇಲ್ಲಿ ನೀರು ಕುಡಿದವರು ಉಪ್ಪು ತಿಂದರು. ಆದರೆ ಇಪ್ಪತ್ತು ವರ್ಷ ಸರ್ಕಾರದ ಸಭೆಗಳಲ್ಲಿ ಪಳಗಿದ ಗಂಟಲು ಅದು, ನುಂಗಿತು.

"ಖನಿಜಾಂಶ ಚೆನ್ನಾಗಿದೆ," ಅಂದರು ಸಾಹೇಬರು, ಕರವಸ್ತ್ರದಿಂದ ಬಾಯಿ ಒತ್ತಿಕೊಂಡು.

ಫಲಕ ಕೊಟ್ಟೇ ಹೋದರು. ನೊರೆ ಬಾರದ್ದರಿಂದ ಏಜೆಂಟ್ ಉದ್ದ ಸೀಟಿಗಿಂತ ಮೊದಲೇ ಹೊರಬಂದಿದ್ದ. ಸಾಹೇಬರ ಲೆಕ್ಕದಲ್ಲಿ ಅದೂ ನೀರು ಉಳಿಸಿದ ದಾಖಲೆ.

ಜನ ಚದುರಿದ ಮೇಲೆ ಮಾವ ಬಾವಿಯ ಹತ್ತಿರ ಹೋದರು. ಕಟ್ಟೆಯ ಮೇಲೆ ಹೊಟ್ಟೆ ಊರಿ, ತಲೆ ಕೆಳಗೆ ಮಾಡಿ, ಅಷ್ಟು ಆಳಕ್ಕೆ ಬಗ್ಗಿದರು. ಕೊರಳಿನ ದಾರ ಜಾರಿತು. ಸೀಟಿ ಕಬ್ಬಿಣದ ಮೆಟ್ಟಿಲಿಗೆ ಟಣ್ ಅಂತ ಬಡಿದು, ಇನ್ನೊಂದಕ್ಕೆ ಬಡಿದು, ಕೊನೆಗೆ ಬುಳುಕ್ ಅಂದಿತು.

"ಸಿಗ್ನಲ್ಲು ನಾನೇ ಕೊಟ್ಟೆ," ಅಂದರು ಮಾವ, ತಲೆ ಎತ್ತದೆ.

"ಟಿಕೆಟು ನಾನು ಹರಿದೆ," ಅಂದಳು ಯಜಮಾನಿ. "ಎದ್ದೇಳಿ ಮಾವ, ನೀವೂ ಬಿದ್ದೀರಿ."

ಅಡುಗೆಮನೆಯಿಂದ ಗಂಡ ಕೇಳಿದ, "ಕಾಫಿಗೆ ಯಾವ ನೀರು ಇಡ್ಲಿ?"

ಸೋಮವಾರದಿಂದ ಬಂದ್ ಅಂದಿದ್ದಳು, ಹಾಗೇ ಬಂದ್ ಮಾಡಿದಳು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮಳೆ ಬಂತು, ಬಾವಿ ಅರ್ಧ ತುಂಬಿತು. ಯಜಮಾನಿ ದಿನಾ ಬೆರಳು ಅದ್ದಿ ನೋಡಿದಳು. ಬಾಡಿಗೆದಾರ ಎದ್ದು ಹೋಗಲಿಲ್ಲ.

ಲಾಡ್ಜು ಮತ್ತೆ ತೆರೆಯಿತು. ಫಲಕ ಗೇಟಿನ ಬಲಗಡೆ ಕಂಬಕ್ಕಿದೆ. ಟ್ಯಾಂಕರು ಗೇಟಿನಲ್ಲಿ ಹಿಂದಕ್ಕೆ ಬರುವಾಗ ಅದಕ್ಕೆ ತಾಗದಿರಲಿ ಅಂತ ಮಾವ ದಿನಾ ಬೆಳಿಗ್ಗೆ ಖಾಕಿ ಅಂಗಿ ತೊಟ್ಟು ನಿಂತು ಹಸಿರು ಬಾವುಟ ಬೀಸುತ್ತಾರೆ. "ಬರ್ಲಿ, ಬರ್ಲಿ, ಬರ್ಲಿ" ಅಂತ ಬಾಯಲ್ಲೇ ಕೂಗುತ್ತಾರೆ. ಟ್ಯಾಂಕರಿನ ಡ್ರೈವರು ಚಪ್ಪಾಳೆ ಹೊಡೆಯುವುದಿಲ್ಲ. ಅವನಿಗೆ ಎರಡು ಕೈಯೂ ಸ್ಟೀರಿಂಗಿಗೆ ಬೇಕು.

ಹೋದದ್ದು ಒಂದು ಬಾವಿ, ಒಂದು ಸೀಟಿ, ಎರಡು ಸೋಪು.